ಏಳನೇ ಅಧ್ಯಾಯಕ್ಕೆ, ‘ಏನೂ ಬ್ಯಾಡ’ ಎಂದವರ ಪರವಾಗಿ ಒಂದು ಅರಿಕೆ

ಸಟನ್, ಲಂಡನ್
೨೪ ನವೆಂಬರ್ ೨೦೦೨, ಭಾನುವಾರ

ಗೆ,
ಮಾನ್ಯ ಏಳನೇ ಅಧ್ಯಾಯದವರು, ಅರ್ಥಾತ್ ‘ಶಿಫಾರಸುಗಳು’,
ಪುಟ ಅರವತ್ತೊಂದರಿಂದ ಅರವತ್ತನಾಲ್ಕು,
ಕನ್ನಡ ಮಾತಾಡುವ ಹಿರಿಯರ ಬುಧವಾರದ ಊಟದ ಕೂಟ ಕುರಿತ ಸಮೀಕ್ಷಾ ವರದಿ.

ಮಾನ್ಯರೇ,

ತಮ್ಮ ಮುಂದೆ ಕೈಕಟ್ಟಿಕೊಂಡು ಸಾಲಾಗಿ ನಿಂತಿರುವ ಆರು ಅಧ್ಯಾಯಗಳ, ಮೂರು ಅನುಬಂಧಗಳ ಮತ್ತು ಅಚ್ಚಾದ ದಿನದಿಂದ ಯಾರೂ ಕಣ್ಣೆತ್ತಿ ನೋಡದ ಹದಿನೇಳು ಕೋಷ್ಟಕಗಳ ಪರವಾಗಿ ತಮಗೆ ಸಾಷ್ಟಾಂಗ ನಮಸ್ಕಾರಗಳು. ತಾವು ಕುಶಲವೆಂದು ಭಾವಿಸುತ್ತೇನೆ. ಕುಶಲವಾಗಿಲ್ಲದಿದ್ದರೆ ಅದಕ್ಕೆ ನಾನೇ ಹೊಣೆ, ಏಕೆಂದರೆ ತಮ್ಮನ್ನು ಬರೆದವನು ನಾನು. ಆದರೆ ಈ ಊರಿನಲ್ಲಿ ದೂರು ಎಂದರೆ ಕಾಗದ, ಕಾಗದ ಎಂದರೆ ಅದನ್ನು ತಲುಪಿಸಲು ಯಾರಾದರೂ ತಪ್ಪಿತಸ್ಥರು ಬೇಕು. ನನ್ನ ಹೆಸರಿಗೆ ನಾನೇ ಟಪಾಲು ಹಾಕಿಕೊಂಡರೆ ನಮ್ಮ ಬೀದಿಯ ಪೋಸ್ಟ್‌ಮನ್ ಏನೆಂದುಕೊಂಡಾನೋ ಎಂಬ ಮುಜುಗರದಿಂದ ತಮ್ಮನ್ನೇ ಸಂಬೋಧಿಸುವ ಧೈರ್ಯ ಮಾಡಿದ್ದೇನೆ.

ಇದು ಬಹಿರಂಗ ಪತ್ರವಾದ್ದರಿಂದ ಗುರುತಿಲ್ಲದ ಓದುಗರ ಸಲುವಾಗಿ ನನ್ನ ಪರಿಚಯ ಹೇಳಿಬಿಡುತ್ತೇನೆ. ಹೆಸರು ಸಂಗಮೇಶ. ಊರು ವಿಜಾಪುರ ಜಿಲ್ಲೆಯ ಇಂಡಿ. ಲಂಡನ್ನಿಗೆ ಬಂದು ಹನ್ನೊಂದು ವರ್ಷವಾಯಿತು. ಮಗಳು, ಪರೀಕ್ಷೆ ಗೆದ್ದವರಿಗೆ ಮಾತ್ರ ಸೀಟು ಸಿಗುವ ಗ್ರಾಮರ್ ಶಾಲೆಗೆ ಸೇರಲಿ ಎಂಬ ಆಸೆಯಿಂದ ಸಟನ್‌ನಲ್ಲಿ ಮನೆ ಮಾಡಿದ್ದೇನೆ. ಕೌನ್ಸಿಲ್‌ಗಳಿಗೂ, ಎಂದರೆ ಇಲ್ಲಿನ ನಗರಸಭೆಗಳಿಗೂ, ಸೇವಾಸಂಸ್ಥೆಗಳಿಗೂ ಸಮೀಕ್ಷೆ ಮಾಡಿ ವರದಿ ಬರೆದುಕೊಡುವುದು ನನ್ನ ಉದ್ಯೋಗ. ಜನರ ಮನೆಗೆ ಹೋಗಿ ಪ್ರಶ್ನೆ ಕೇಳುತ್ತೇನೆ, ಬಂದ ಉತ್ತರಗಳನ್ನು ಎಣಿಸುತ್ತೇನೆ, ಎಣಿಸಿದ್ದಕ್ಕೆ ಬಣ್ಣ ಹಚ್ಚಿ ಚಿತ್ರ ಮಾಡುತ್ತೇನೆ, ಕೊನೆಗೆ ಇಂಥಿಂಥದ್ದು ಮಾಡತಕ್ಕದ್ದು ಎಂದು ತಮ್ಮ ಬಾಯಿಂದ ಅಪ್ಪಣೆ ಕೊಡಿಸುತ್ತೇನೆ.

ತಮ್ಮ ಮಹಿಮೆಯನ್ನು ನಾನು ಬಣ್ಣಿಸಬೇಕಾಗಿಲ್ಲ. ಇಡೀ ವರದಿಯಲ್ಲಿ ಅಧಿಕಾರಿಗಳು ಓದುವುದು ತಮ್ಮನ್ನೊಬ್ಬರನ್ನೇ. ಸಂಶೋಧನಾ ವಿಧಾನವನ್ನು ವಿವರಿಸುವ ಮೂರನೇ ಅಧ್ಯಾಯಕ್ಕೆ ನಾನು ಮೂರು ವಾರ ಬೆವರು ಸುರಿಸಿದೆ. ನನ್ನ ಹೆಂಡತಿ ಶ್ರೀವಿದ್ಯಾ, ಮೈಸೂರಿನವಳು, ಯಾರ ಮನಸ್ಸನ್ನೂ ನೋಯಿಸದವಳು, ಅದರ ಎರಡನೇ ಪುಟಕ್ಕೇ ಗೊರಕೆ ಹೊಡೆದಳು. ತಾವಾದರೋ ನಾಲ್ಕೇ ಪುಟ. ಆ ನಾಲ್ಕು ಪುಟದ ಬಲದ ಮೇಲೆ ಗ್ರಂಥಾಲಯ ಮುಚ್ಚುತ್ತದೆ, ಈಜುಕೊಳ ತೆರೆಯುತ್ತದೆ, ಬಸ್ಸಿನ ದಾರಿ ಬದಲಾಗುತ್ತದೆ.

ತಮ್ಮ ಇಷ್ಟು ದೊಡ್ಡ ಶಕ್ತಿಯನ್ನು ಹಿಂದಿನ ಹನ್ನೊಂದು ವರದಿಗಳಲ್ಲಿ ನಾನು ಎಷ್ಟು ಭಯಭಕ್ತಿಯಿಂದ ಬಳಸಿದ್ದೇನೆ ಎಂಬುದು ತಮಗೆ ನೆನಪಿರಬಹುದು. ‘ಪರಿಶೀಲಿಸಬಹುದು’ ಎಂದು ಬರೆದಿದ್ದೇನೆ, ‘ಗಮನ ಹರಿಸುವುದು ಸೂಕ್ತ’ ಎಂದು ಬರೆದಿದ್ದೇನೆ, ‘ಸಂಬಂಧಪಟ್ಟವರು ಕ್ರಮ ಕೈಗೊಳ್ಳಬೇಕು’ ಎಂದು ಕನಿಷ್ಠ ನಲವತ್ತು ಸಲ ಬರೆದಿದ್ದೇನೆ. ಆ ಸಂಬಂಧಪಟ್ಟವರು ಯಾರು, ಎಲ್ಲಿರುತ್ತಾರೆ, ಯಾವ ಟ್ಯೂಬ್ ರೈಲು ಹಿಡಿದು ಕೆಲಸಕ್ಕೆ ಬರುತ್ತಾರೆ ಎಂದು ಈವರೆಗೆ ನನಗೂ ಗೊತ್ತಾಗಿಲ್ಲ. ಬಸ್ ನಿಲ್ದಾಣದಲ್ಲಿ ಒಂದು ಬೆಂಚು ಹಾಕಿಸಿ ಎಂದು ಇಪ್ಪತ್ತು ಮಂದಿ ವಯಸ್ಸಾದವರು ಕೇಳಿದ್ದನ್ನು ನಾನು ‘ಆಸನ ವ್ಯವಸ್ಥೆಯ ಸಾಧ್ಯಾಸಾಧ್ಯತೆಗಳ ಕುರಿತು ಸಮಾಲೋಚನೆ ನಡೆಸುವುದು’ ಎಂದು ತಿದ್ದಿ ಬರೆದೆ. ಅವರು ಈಗಲೂ ಅಲ್ಲಿ ನಿಂತೇ ಇದ್ದಾರೆ. ಆ ದಾರಿಯಲ್ಲಿ ಹೋಗಬೇಕಾದಾಗ ನಾನು ಎದುರಿನ ಫುಟ್‌ಪಾತಿನಲ್ಲಿ ಹೋಗುತ್ತೇನೆ.

ಈಗ ದೂರಿಗೆ ಬರುತ್ತೇನೆ. ದಕ್ಷಿಣ ಲಂಡನ್ನಿನ ಒಂದು ಕೌನ್ಸಿಲ್, ಹೆಸರು ಹೇಳುವುದಿಲ್ಲ, ಏಕೆಂದರೆ ತಪ್ಪು ಅವರದಲ್ಲ, ಟೂಟಿಂಗ್ ಕಡೆಯ ಒಂದು ಚರ್ಚ್ ಹಾಲಿನಲ್ಲಿ ನಮ್ಮ ಹಿರಿಯರಿಗಾಗಿ ಪ್ರತಿ ಬುಧವಾರ ಊಟದ ಕೂಟ ನಡೆಸುತ್ತದೆ. ಮಿನಿಬಸ್ಸು ಮನೆಬಾಗಿಲಿಗೆ ಬಂದು ಕರೆದೊಯ್ಯುತ್ತದೆ, ಅಲ್ಲಿ ಅನ್ನ, ಸಾರು, ಚಪಾತಿ, ಪಲ್ಯ, ಮೊಸರು ಬಡಿಸುತ್ತಾರೆ, ಮೂರು ಗಂಟೆಗೆ ಬಸ್ಸೇ ಮನೆಗೆ ಮುಟ್ಟಿಸುತ್ತದೆ. ಮೊದಲ ವರ್ಷ ಮೂವತ್ತೊಂದು ಜನ ಬರುತ್ತಿದ್ದರು. ಈ ವರ್ಷ ಹದಿನಾಲ್ಕಕ್ಕೆ ಇಳಿಯಿತು. ಇವರಿಗೆ ಇದು ನಿಜಕ್ಕೂ ಬೇಕೇ, ಬೇಕಿದ್ದರೆ ಯಾಕೆ ಬರುತ್ತಿಲ್ಲ ಎಂದು ತಿಳಿದುಕೊಳ್ಳಲು ಹಿರಿಯ ನಾಗರಿಕರ ವಿಭಾಗದ ಜಿಲ್ಲಿಯನ್ ಮೇಡಂ ನನ್ನನ್ನು ನೇಮಿಸಿದರು. ಆ ಜನರ ಭಾಷೆ, ರೀತಿನೀತಿ ಎಲ್ಲವನ್ನೂ ಬಲ್ಲವನು ಎಂಬುದೇ ನನಗಿದ್ದ ಅರ್ಹತೆ.

ಕೂಟಕ್ಕೆ ಬರುವವರು, ಬರುವುದನ್ನು ಬಿಟ್ಟವರು, ಎಂದೂ ಬಾರದವರು, ಎಲ್ಲ ಸೇರಿ ನಾನು ನಲವತ್ತಮೂರು ಮನೆಗಳಿಗೆ ಹೋದೆ. ಬೆಲ್ ಒತ್ತಿ ಒಳಗೆ ಕಾಲಿಟ್ಟರೆ ಸಾಕು, ಚೂಡಾ ಬರುತ್ತಿತ್ತು, ಅಳ್ಳಿಟ್ಟು ಬರುತ್ತಿತ್ತು, ಊರಿಂದ ಯಾರೋ ಸೂಟ್‌ಕೇಸಿನಲ್ಲಿ ತಂದ ಕರದಂಟು ಬರುತ್ತಿತ್ತು. ನಾನು ಪದ್ಧತಿಯಂತೆ ಬೇಡ ಎನ್ನುತ್ತಿದ್ದೆ, ಅವರು ಪದ್ಧತಿಯಂತೆ ಹಾಕುತ್ತಿದ್ದರು. ಸಮೀಕ್ಷೆ ಮುಗಿಯುವ ಹೊತ್ತಿಗೆ ಮೂರು ಕಿಲೋ ತೂಕ ಹೆಚ್ಚಾಗಿತ್ತು. ಕಾರಣವೇನೆಂದು ನಮ್ಮ ಜಿ.ಪಿ. ಡಾಕ್ಟರು ಕೇಳಿದಾಗ ‘ಕ್ಷೇತ್ರಕಾರ್ಯ’ ಎಂದು ನಿಜವನ್ನೇ ಹೇಳಿದೆ.

ಹತ್ತೊಂಬತ್ತನೆಯ ಮನೆ ನಾಗವ್ವನವರದು. ವಯಸ್ಸು ಎಪ್ಪತ್ತನಾಲ್ಕು, ನಮ್ಮ ಇಂಡಿಯ ಪಕ್ಕದ ಊರಿನವರು, ಮಗ ಸೊಸೆ ಇಬ್ಬರಿಗೂ ಆಸ್ಪತ್ರೆಯಲ್ಲಿ ಪಾಳಿಯ ಕೆಲಸ, ಮೊಮ್ಮಕ್ಕಳು ಕನ್ನಡ ತಿಳಿದೂ ಇಂಗ್ಲಿಷಿನಲ್ಲಿ ಉತ್ತರ ಕೊಡುವವರು. ನಾಲ್ಕನೇ ಮಹಡಿಯ ಫ್ಲ್ಯಾಟ್, ಲಿಫ್ಟು ಕೆಟ್ಟಿತ್ತು. ಏದುಸಿರು ಬಿಡುತ್ತ ಕುಳಿತವನ ಮುಂದೆ ತಾಟು ಇಟ್ಟು ಎರಡು ಶೇಂಗಾ ಹೋಳಿಗೆ ಹಾಕಿದರು. ‘ಬ್ಯಾಡ ಯವ್ವಾ, ಈಗರ ಉಂಡ ಬಂದೀನಿ’ ಎಂದೆ. ಮೂರನೆಯದನ್ನು ಹಾಕಿದರು. ಸಾಕು ಸಾಕು ಎಂದು ತಾಟಿನ ಮೇಲೆ ಅಂಗೈ ಅಡ್ಡ ಹಿಡಿದೆ. ಬೆರಳ ಸಂದಿಯಿಂದಲೇ ತುಪ್ಪ ಬಿಟ್ಟರು.

ಆ ತುಪ್ಪದ ಕೈಯಲ್ಲೇ ನಾನು ಪೆನ್ನು ಹಿಡಿದು ಹದಿನಾಲ್ಕನೆಯ ಪ್ರಶ್ನೆಯನ್ನು ಓದಿದೆ: ‘ಬುಧವಾರದ ಸೇವೆಯಿಂದ ನಿಮಗೆ ಇನ್ನೇನಾದರೂ ಬೇಕೇ? ಆ ಸೇವೆ ನಿಮಗೆ ಅಗತ್ಯವೇ?’ ನಾಗವ್ವ ಸೆರಗು ಸರಿಪಡಿಸಿಕೊಂಡು, ಮರ್ಯಾದಸ್ಥರು ಹೇಗೆ ಹೇಳಬೇಕೋ ಹಾಗೆಯೇ ಹೇಳಿದರು: ‘ಏನೂ ಬ್ಯಾಡಪಾ. ಎಲ್ಲಾ ಛಲೋ ಐತಿ.’ ನಾನು ‘ಅಗತ್ಯವಿಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿ, ಬೆರಳು ನೆಕ್ಕಿಕೊಂಡು, ಹದಿನೈದನೆಯ ಪ್ರಶ್ನೆಗೆ ಹೋದೆ. ಆ ನಮೂನೆಯ ಮೇಲೆ ಬಿದ್ದ ತುಪ್ಪದ ಕಲೆಯನ್ನು ಎರಡನೇ ಅನುಬಂಧದ ಜೆರಾಕ್ಸಿನಲ್ಲಿ ಇವತ್ತಿಗೂ ನೋಡಬಹುದು.

ನಲವತ್ತಮೂರರಲ್ಲಿ ಮೂವತ್ತೊಂಬತ್ತು ಜನ ಏನೂ ಬೇಡ ಎಂದರು. ಇಷ್ಟು ಶುದ್ಧವಾದ ಫಲಿತಾಂಶ ನನ್ನ ವೃತ್ತಿಜೀವನದಲ್ಲೇ ಬಂದಿರಲಿಲ್ಲ. ದುಂಡನೆಯ ಚಿತ್ರ ಬರೆದರೆ ಹೆಚ್ಚುಕಡಿಮೆ ಪೂರ್ತಿ ಒಂದೇ ಬಣ್ಣ, ಒಂದು ಮೂಲೆಯನ್ನು ಯಾರೋ ಚೂರು ಮುರಿದ ಹೋಳಿಗೆಯ ಹಾಗೆ. ಶಿಫಾರಸುಗಳು ಫಲಿತಾಂಶದಿಂದಲೇ ಹುಟ್ಟಬೇಕು, ಖಚಿತವಾಗಿರಬೇಕು, ಯಾರು ಯಾವಾಗ ಏನು ಮಾಡಬೇಕೆಂದು ಹೇಳಬೇಕು ಎಂದು ತರಬೇತಿಗಳಲ್ಲಿ ನಾನೇ ಬೇರೆಯವರಿಗೆ ಪಾಠ ಹೇಳುತ್ತೇನೆ. ಹನ್ನೊಂದು ವರದಿಗಳಲ್ಲಿ ಬಾರದ ಧೈರ್ಯ ಹನ್ನೆರಡನೆಯದರಲ್ಲಿ ಬಂತು. ತಮ್ಮ ಮೊದಲ ವಾಕ್ಯವಾಗಿ, ಏಳು ಬಿಂದು ಒಂದು ಎಂಬ ಅಂಕಿ ಕೊಟ್ಟು, ನಾನು ಹೀಗೆ ಬರೆದೆ: ‘ಬಳಕೆದಾರರಿಗೇ ಅಗತ್ಯವಿಲ್ಲವೆಂದು ಕಂಡುಬಂದಿರುವುದರಿಂದ, ಬುಧವಾರದ ಊಟದ ಕೂಟವನ್ನೂ ಮಿನಿಬಸ್ಸನ್ನೂ ಮಾರ್ಚ್ ಕೊನೆಗೆ ನಿಲ್ಲಿಸತಕ್ಕದ್ದು.’

ಅಕ್ಟೋಬರ್ ಕೊನೆಯಲ್ಲಿ ಕರಡನ್ನು ಕಳಿಸಿದಾಗ ಜಿಲ್ಲಿಯನ್ ಮೇಡಂ ಇಷ್ಟು ಸ್ಪಷ್ಟವಾದ ಶಿಫಾರಸನ್ನು ಈವರೆಗೆ ಕಂಡೇ ಇಲ್ಲವೆಂದು ಬರೆದರು. ಆ ಇ-ಮೇಲನ್ನು ಪ್ರಿಂಟ್ ತೆಗೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದವನು ನಾನು. ಶ್ರೀವಿದ್ಯಾ ಅದನ್ನು ಓದಿ, ‘ಅವರೆಲ್ಲ ಬುಧವಾರ ಏನ್ಮಾಡ್ತಾರೆ ಇನ್ಮೇಲೆ?’ ಎಂದು ಕೇಳಿದ್ದಕ್ಕೆ, ಅದು ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ ಎಂದು ಉತ್ತರಿಸಿದವನೂ ನಾನೇ.

ಹೀಗಿರುವಾಗ, ಮಾನ್ಯರೇ, ಮುಖಪುಟಕ್ಕೆ ಒಂದು ಫೋಟೋ ಬೇಕಾಯಿತು. ಅದಕ್ಕಾಗಿ ನವೆಂಬರ್ ಆರರ ಬುಧವಾರ, ಅರವತ್ತನಾಲ್ಕು ಪುಟ ಬರೆದು ಮುಗಿಸಿದ ಮೇಲೆ, ಮೊಟ್ಟಮೊದಲ ಬಾರಿಗೆ ನಾನು ಆ ಊಟದ ಕೂಟಕ್ಕೆ ಹೋದೆ. ಹದಿನಾಲ್ಕು ಜನ ಉದ್ದನೆಯ ಮೇಜಿಗೆ ಕುಳಿತಿದ್ದರು, ನನ್ನನ್ನೂ ಕೂರಿಸಿದರು. ಬಡಿಸುವ ಡೋರೀನ್ ಎಂಬ ಹೆಂಗಸು ಚಿನ್ನದಂಥವಳು. ಪ್ರತಿಯೊಬ್ಬರ ಹೆಸರನ್ನೂ ಕಲಿತಿದ್ದಾಳೆ. ಎಲ್ಲರಿಗೂ ಒಂದೊಂದು ಚಪಾತಿ, ಒಂದೊಂದು ಸೌಟು ಅನ್ನ ಬಡಿಸಿದ ಮೇಲೆ ಗಾಡಿ ತಳ್ಳಿಕೊಂಡು ಬಂದು ‘ಮೋರ್, ಮೈ ಲವ್?’ ಎಂದು ಕೇಳಿದಳು. ಹದಿನಾಲ್ಕು ಕೈಗಳೂ ಸಾಕು ಎಂಬಂತೆ ಮೇಲೆದ್ದವು. ಡೋರೀನ್ ಹಿರಿಯರ ಮಾತಿಗೆ ಬೆಲೆ ಕೊಡುವವಳು. ಮುಗುಳ್ನಕ್ಕು ಗಾಡಿಯನ್ನು ಅಡುಗೆಮನೆಗೆ ತಳ್ಳಿಕೊಂಡು ಹೋದಳು. ಹದಿನಾಲ್ಕು ಜೊತೆ ಕಣ್ಣುಗಳು ಆ ಗಾಡಿಯ ಹಿಂದೆಯೇ ಹೋದವು.

ಆಗಲೂ ನನಗೆ ಹೊಳೆಯಲಿಲ್ಲ. ಮರೆಮಾಚಿ ಏನು ಪ್ರಯೋಜನ? ಅವಳು ನನ್ನನ್ನು ಕೇಳಿದಾಗ ನಾನೂ ‘ನೋ, ಥ್ಯಾಂಕ್ಯೂ’ ಎಂದಿದ್ದೆ, ಅನ್ನ ಬರುತ್ತದೆ ಎಂದು ಸಾರು ಉಳಿಸಿಕೊಂಡು ಕಾಯುತ್ತಿದ್ದೆ. ಅನ್ನ ಬರಲಿಲ್ಲ. ಅಡುಗೆಮನೆಯ ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ, ಹಸಿದ ಹೊಟ್ಟೆಯಲ್ಲಿ, ಎರಡು ಡಿಗ್ರಿ ಮತ್ತು ಹನ್ನೊಂದು ವರ್ಷದ ಅನುಭವ ಕಲಿಸದೇ ಇದ್ದದ್ದು ನನಗೆ ತಿಳಿಯಿತು. ಡೋರೀನ್ ವಾರಕ್ಕೊಮ್ಮೆ ಮಾಡುತ್ತಿದ್ದ ತಪ್ಪನ್ನು ನಾನು ನಲವತ್ತಮೂರು ಮನೆಗಳಲ್ಲಿ ಮಾಡಿದ್ದೆ. ಅವಳಿಗಾದರೂ ನಮ್ಮ ಪದ್ಧತಿ ಗೊತ್ತಿರಲಿಲ್ಲ. ನಾನು ಬಾಯ್ತುಂಬ ಅದೇ ಪದ್ಧತಿಯ ಹೋಳಿಗೆ ತುಂಬಿಕೊಂಡು ಮಾಡಿದ್ದೆ.

ಪಕ್ಕದಲ್ಲಿದ್ದ ನಾಗವ್ವನವರನ್ನು ಅಲ್ಲೇ ಮತ್ತೆ ಕೇಳಿದೆ. ಮೊದಲ ಸಲ ‘ಏನೂ ಬ್ಯಾಡಪಾ’ ಎಂದರು. ಎರಡನೇ ಸಲ ‘ಕೊಟ್ಟಿದ್ದ ಭಾಳ ಆಗೇತಿ’ ಎಂದರು. ಮೂರನೇ ಸಲ ಕೇಳಿದಾಗ ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು: ‘ಆಕೀಗೆ ಇನ್ನೊಂದ ಸಲಾ ಕೇಳಂತ ಹೇಳ ತಮ್ಮಾ. ನಾ ಮನ್ಯಾಗ ಎರಡ ರೊಟ್ಟಿ ತಿಂದ ಬರ್ತೀನಿ, ಹೋಗಿ ಮತ್ತೊಂದ ತಿಂತೀನಿ. ಉಳದ ಮಂದಿ ಹಸಗೊಂಡ ಹೋಗೂದು ಯಾಕಂತ ಬರೂದ ಬಿಟ್ರು.’ ಹಾಗಾದರೆ ನೀವು ಯಾಕೆ ಬರುತ್ತೀರಿ ಎಂದೆ. ‘ಒಂದ ವಾರದ ಮಾತು ಒಂದ ದಿನಾ ಆಡಬೇಕಲಾ? ಮನ್ಯಾಗ ಯಾರ್ ಜೋಡಿ ಆಡ್ಲಿ, ಟೀವಿ ಜೋಡಿ?’

ಆಗ ನಾನು ಹೇಳಲೇಬೇಕಾಯಿತು, ಈ ಬುಧವಾರ ನಿಲ್ಲುವ ಹಾಗಿದೆ ಎಂದು. ಯಾರು ನಿಲ್ಲಿಸುತ್ತಾರೆ ಎಂದರು. ಎಲ್ಲರೂ ಬೇಡ ಎಂದದ್ದರಿಂದ ನಿಲ್ಲುತ್ತದೆ ಎಂದೆ. ಯಾರು ಬೇಡ ಅಂದರು ಎಂದರು. ‘ನೀವ ಅಂದ್ರಿ ಯವ್ವಾ’ ಎಂದೆ. ನಾಗವ್ವ ತಾಟು ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದರು.

‘ನಾ ಅಂದೆ. ನೀ ಬರಕೊಂಡ್ಯಾ?’ ಎಂದರು. ಆಮೇಲೆ, ‘ನಮ್ಮನ್ಯಾಗ ನೀ ಬ್ಯಾಡ ಬ್ಯಾಡ ಅಂದಿ. ನಾ ಬರಕೊಂಡ್ನೇನು?’

ಮಾನ್ಯರೇ, ಸಂಶೋಧನೆಯ ಮೇಲೆ ನಾನು ಕೇಳಿದ ವಿಮರ್ಶೆಗಳಲ್ಲಿ ಇದಕ್ಕಿಂತ ಚೊಕ್ಕದಾದದ್ದು ಇಲ್ಲ. ನನಗೆ ನಾಚಿಕೆಯಾಯಿತು. ಫೋಟೋ ತೆಗೆಯದೆ ಮನೆಗೆ ಬಂದೆ.

ಮರುದಿನ ಜಿಲ್ಲಿಯನ್ ಮೇಡಂ ಅವರಿಗೆ ಫೋನ್ ಮಾಡಿ ಏಳನೇ ಅಧ್ಯಾಯ ಪೂರ್ತಿ ತಪ್ಪಾಗಿದೆ ಎಂದು ಒಪ್ಪಿಕೊಂಡೆ. ಆ ಪುಣ್ಯಾತ್ಗಿತ್ತಿ ಒಂದು ಮಾತೂ ಬೈಯಲಿಲ್ಲ. ತಿದ್ದಲು ಇನ್ನೆರಡು ವಾರ ಬೇಕೇ ಎಂದು ಕೇಳಿದರು. ನನ್ನ ಬಾಯಿ, ನನ್ನನ್ನು ಒಂದು ಮಾತೂ ಕೇಳದೆ, ‘ಅಯ್ಯೋ ಬೇಡ, ಪರವಾಗಿಲ್ಲ, ಹೇಗೋ ಮಾಡಿಕೊಳ್ಳುತ್ತೇನೆ’ ಎಂದಿತು. ‘ಲವ್ಲಿ’ ಎಂದು ಅವರು ಫೋನಿಟ್ಟರು. ರಿಸೀವರ್ ಹಿಡಿದು ನಿಂತೇ ಇದ್ದೆ. ಅವರು ಮತ್ತೊಮ್ಮೆ ಕೇಳುತ್ತಾರೆ ಎಂಬ ನಂಬಿಕೆ ಇನ್ನೂ ಹೋಗಿರಲಿಲ್ಲ. ಅರ್ಧ ಗಂಟೆ ಅಡುಗೆಮನೆಯಲ್ಲಿ ಸುತ್ತು ಹಾಕುತ್ತಿದ್ದವನನ್ನು ನೋಡಿ ಶ್ರೀವಿದ್ಯಾ, ‘ರೀ, ಒಂದ್ಸಲ ಬೇಕು ಅಂತ ಹೇಳಿ ನೋಡಿ. ಗಂಟಲಿಗೇನೂ ಆಗಲ್ಲ’ ಎಂದಳು. ಮತ್ತೆ ಫೋನ್ ಮಾಡಿ ಬೇಕು ಎಂದೆ. ಗಂಟಲಿಗೆ ಸ್ವಲ್ಪ ಆಯಿತು, ಆದರೆ ಎರಡು ವಾರ ಸಿಕ್ಕಿತು.

ಆ ಎರಡು ವಾರದಲ್ಲಿ ಅದೇ ನಲವತ್ತಮೂರು ಮನೆಗಳಿಗೆ ಮತ್ತೆ ಹೋಗಿ ಅದೇ ಹದಿನಾಲ್ಕನೆಯ ಪ್ರಶ್ನೆಯನ್ನು ಮೂರು ಮೂರು ಸಲ ಕೇಳಿದೆ. ಮೊದಲ ಸಲಕ್ಕೆ ಮೂವತ್ತೊಂಬತ್ತು ಜನರೂ ಏನೂ ಬೇಡ ಎಂದರು. ಈ ಮಟ್ಟಿಗೆ ನನ್ನ ಹಳೆಯ ಫಲಿತಾಂಶ ಬಹಳ ಭದ್ರವಾಗಿತ್ತು ಎಂದು ಸಂತೋಷಪಡಬೇಕು. ಮೂರನೆಯ ಸಲಕ್ಕೆ ಅವರಲ್ಲಿ ಮೂವತ್ತಾರು ಜನಕ್ಕೆ ಬುಧವಾರ ಬೇಕಾಗಿತ್ತು. ಸಿದ್ದಲಿಂಗಪ್ಪನವರಿಗೆ ತಿಂಗಳು ಹಳೆಯದಾದರೂ ಸರಿ, ಒಂದು ಕನ್ನಡ ಪತ್ರಿಕೆ ಬೇಕು. ಕಾಮಾಕ್ಷಿಯವರಿಗೆ ಕುಡಿಯಲು ಬಿಸಿನೀರು ಬೇಕು. ಊರಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದ ನಿಜಲಿಂಗಪ್ಪನವರಿಗೆ ಮಿನಿಬಸ್ಸಿನಲ್ಲಿ ಡ್ರೈವರನ ಪಕ್ಕದ ಸೀಟು ಬೇಕು. ಎರಡು ವರ್ಷದಿಂದ ಹಿಂದೆ ಕುಳಿತು, ಅವನು ಗೇರ್ ತಪ್ಪಿಸಿದಾಗಲೆಲ್ಲ ಹಲ್ಲು ಕಚ್ಚಿಕೊಂಡಿದ್ದಾರಂತೆ. ಸಂಶೋಧನಾ ಶಾಸ್ತ್ರದ ಪ್ರಕಾರ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುವುದು ದೊಡ್ಡ ದೋಷ. ನಮ್ಮಲ್ಲಿ ಅದಕ್ಕೆ ಉಪಚಾರ ಎನ್ನುತ್ತೇವೆ ಎಂದು ಮೂರನೇ ಅಧ್ಯಾಯಕ್ಕೆ ಒಂದು ಟಿಪ್ಪಣಿ ಸೇರಿಸಿದ್ದೇನೆ. ಶ್ರೀವಿದ್ಯಾ ಆ ಟಿಪ್ಪಣಿಯನ್ನು ಎಚ್ಚರವಾಗಿದ್ದೇ ಓದಿದಳು.

ಕಳೆದ ಬುಧವಾರ ಒಂದು ಪ್ರಯೋಗವೂ ಆಯಿತು. ಡೋರೀನ್ ಗಾಡಿ ತಳ್ಳಿದಳು, ನಾಗವ್ವ ಸೌಟು ಹಿಡಿದರು. ಡೋರೀನ್ ಕೇಳಿದಳು, ಎಲ್ಲರೂ ಬೇಡ ಎಂದರು, ನಾಗವ್ವ ಹಾಕಿದರು. ಕೂಟದ ಚರಿತ್ರೆಯಲ್ಲಿ ಮೊದಲ ಬಾರಿಗೆ ಅನ್ನದ ಪಾತ್ರೆ ಬರಿದಾಯಿತು. ಇದನ್ನು ಹದಿನೆಂಟನೆಯ ಕೋಷ್ಟಕವಾಗಿ ಸೇರಿಸಿದ್ದೇನೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ತಮ್ಮ ಏಳು ಬಿಂದು ಒಂದನ್ನು ಹೊಡೆದುಹಾಕಿ, ಅಲ್ಲಿ ‘ಬುಧವಾರದ ಕೂಟವನ್ನೂ ಮಿನಿಬಸ್ಸನ್ನೂ ಮುಂದುವರಿಸತಕ್ಕದ್ದು, ಈ ಹಿರಿಯರಿಗೆ ಏನನ್ನೇ ಆಗಲಿ, ಊಟವನ್ನಾಗಲಿ ಅಭಿಪ್ರಾಯವನ್ನಾಗಲಿ, ಕೌನ್ಸಿಲ್ ಮೂರು ಸಲ ಕೇಳತಕ್ಕದ್ದು’ ಎಂದು ಬರೆದಿದ್ದೇನೆ. ದಯಮಾಡಿ ಇದನ್ನು ‘ಪರಿಶೀಲಿಸಬಹುದು’ ಎಂದು ತಮ್ಮಷ್ಟಕ್ಕೆ ತಾವೇ ತಿದ್ದಿಕೊಳ್ಳಬೇಡಿ. ತಮಗೆ ಆ ಚಟವಿದೆ ಎಂದು ಬಲ್ಲೆ, ಕಲಿಸಿದವನು ನಾನೇ. ಡಿಸೆಂಬರ್ ಹನ್ನೆರಡರಂದು ಕೌನ್ಸಿಲ್ಲಿನ ಸಮಿತಿಯವರು ತಮ್ಮನ್ನು ಓದಿ ಮುಚ್ಚಿಟ್ಟರೆ, ತಾವಾಗಿಯೇ ಇನ್ನೆರಡು ಸಲ ತೆರೆದುಕೊಳ್ಳಬೇಕು. ಅವರು ತಮ್ಮ ಮೇಲೆ ಅಂಗೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಾದರೂ ಒಳಗೆ ಇಳಿಯಬೇಕು. ಕಾಗದದ ನಾಲ್ಕು ಪುಟಕ್ಕೆ ಇದು ಅಸಾಧ್ಯವೆಂದು ತಾವು ಹೇಳಬಹುದು. ಆ ಅನುಮಾನ ನಾಗವ್ವನವರಿಗೂ ಇದೆ.

ಹಾಗಾಗಿ ಅವರು ತಾವೇ ಸಮಿತಿಯ ಮುಂದೆ ಬರುತ್ತಾರಂತೆ. ನಾನು ಕರೆದಿರಲಿಲ್ಲ, ಒಂದು ಸಲವೂ ಯಾರೂ ಕೇಳದೆ, ಅವರೇ ಹೇಳಿದರು: ‘ಆ ಮಂದಿ ಮುಂದ ನಾನ ಹೇಳ್ತೀನಿ, ನಮಗ ಬುಧವಾರ ಬೇಕಂತ. ನೀ ಬರದ ಕೊಟ್ರ ಮತ್ತ ಬ್ಯಾಡಂತನ ಬರದ ಕೊಡ್ತಿ.’ ಏಳು ಜನ ಸದಸ್ಯರಿಗೂ ಶೇಂಗಾ ಹೋಳಿಗೆ ಕಟ್ಟಿಕೊಂಡು ಬರುತ್ತಾರೆ, ತುಪ್ಪದ ಡಬ್ಬಿ ಬೇರೆ. ಸದಸ್ಯರು ನೋ ಥ್ಯಾಂಕ್ಯೂ ಎಂದರೆ ಮುಂದೇನಾಗುತ್ತದೆ ಎಂಬುದನ್ನು ನಾನು ಬಲ್ಲೆ, ಅವರು ಬಲ್ಲರೆಂದು ತೋರುವುದಿಲ್ಲ.

ಇತಿ, ತಮ್ಮ ವಿಶ್ವಾಸಕ್ಕೆ ಹನ್ನೆರಡು ವರದಿಗಳಲ್ಲೂ ಅರ್ಹನಾಗದಿದ್ದರೂ, ತಮ್ಮ ವಿಶ್ವಾಸಿ,

ಸಂಗಮೇಶ

ತಾ.ಕ.: ತಮ್ಮ ನಾಲ್ಕು ಪುಟಗಳಿಗೆ ಇನ್ನೇನಾದರೂ ಸೇರಿಸಬೇಕೆಂದಿದ್ದರೆ ಮರುಟಪಾಲಿನಲ್ಲಿ ತಿಳಿಸುವ ಕೃಪೆಯಾಗಲಿ. ತಮ್ಮನ್ನು ಮಾತ್ರ ಒಂದೇ ಸಲ ಕೇಳುತ್ತೇನೆ. ಬೇಡ ಎಂದರೆ ಬರೆದುಕೊಳ್ಳುತ್ತೇನೆ.